ಗಂಡಿಪೇಟೆಯಲ್ಲಿ ಮೌನೋಪದೇಶ

ನನಗೆ ಬೇಕಾಗಿದ್ದುದು ಒಂದೇ ಒಂದು ಗಂಟೆ. ಬಂಗಾರ ಬೇಡ, ರೇಷ್ಮೆ ಬೇಡ (ಕೊಟ್ಟರೆ ಒಲ್ಲೆ ಅನ್ನುವವಳಲ್ಲ, ಆ ಮಾತು ಬೇರೆ). ಒಂದು ಮರ, ಅದರ ಕೆಳಗೆ ನಾನು, ಎದುರಿಗೆ ಒಂದಿಷ್ಟು ನೀರು. ಅಷ್ಟೇ.

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮನೆ ಮಾಡಿದವರಿಗೆ ನನ್ನ ಸಂಕಟ ತಿಳಿಯುತ್ತದೆ. ಬೆಳಗಿನ ಐದಕ್ಕೇ "ಕೋಠಿ, ಕೋಠಿ, ಕೋಠಿ" ಎಂಬ ಕಂಡಕ್ಟರನ ಸುಪ್ರಭಾತ. ಅದು ಮುಗಿಯುವ ಮೊದಲೇ ನಮ್ಮ ಯಜಮಾನರಾದ ಬಸವಲಿಂಗಪ್ಪನವರ "ನನ್ನ ಟಾವೆಲ್ ಎಲ್ಲೈತಿ?" ಅದರ ಬೆನ್ನಿಗೇ ಅತ್ತೆ ಗುರುಬಾಯಿಯವರ "ಚಹಾ ಆತೇನ?" ಮದುವೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ನಾನು ಆಕಾಶ ನೋಡಿದ್ದು ಹಪ್ಪಳ ಒಣಹಾಕುವಾಗ ಮಾತ್ರ, ಅದೂ ಮೋಡ ಇದೆಯೋ ಇಲ್ಲವೋ ಎಂದು.

ಹೀಗಿರುವಾಗ ಕನ್ನಡ ಸಂಘದಲ್ಲಿ ಒಬ್ಬ ಸ್ವಾಮಿಗಳ ಪ್ರವಚನ ಕೇಳಿದೆ. ನಿಸರ್ಗದ ಮಡಿಲಲ್ಲಿ ಒಂದು ಗಂಟೆ ಮೌನವಾಗಿ ಕೂತರೆ ಆತ್ಮ ಹೊಸದಾಗುತ್ತದೆ ಎಂದರು. ನನಗೆ ಕಣ್ಣೀರೇ ಬಂತು. ಮನೆಗೆ ಬಂದವಳೇ ಘೋಷಿಸಿದೆ.

"ರವಿವಾರ ನಾ ಒಬ್ಬಾಕೀನ ಗಂಡಿಪೇಟಿ ಕೆರಿಗೆ ಹೋಗಾಕಿ."

ಯಜಮಾನರು ಪೇಪರ್ ಕೆಳಗಿಳಿಸಿದರು. "ಯಾಕ, ಅಲ್ಲಿ ಯಾರ ಅದಾರ?"

"ಯಾರೂ ಇಲ್ಲ. ಅದಕ್ಕ ಹೊಂಟೀನಿ. ಆತ್ಮ ಹೊಸಾದು ಆಗತೈತ್ರಿ."

"ಇದ್ದ ಆತ್ಮಕ್ಕ ಏನಾಗೇತಿ? ಚಲೋನ ಐತಲ್ಲ!"

ಮೂರು ದಿನ ಮಾತುಕತೆ, ಎರಡು ಹೊತ್ತು ಉಪವಾಸ ಸತ್ಯಾಗ್ರಹ (ಒಲೆ ಹಚ್ಚಲಿಲ್ಲ, ಉಪವಾಸ ಅವರದು). ಕೊನೆಗೆ ಒಪ್ಪಂದವಾಯಿತು. ಷರತ್ತು ಒಂದೇ: "ಅವ್ವನ್ನ ಜೋಡಿ ಕರಕೊಂಡು ಹೋಗು."

ಅತ್ತೆ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಣಕಾಲಿಗೆ ಹಚ್ಚುವ ಎಣ್ಣೆ, ಛತ್ರಿ ಎಲ್ಲ ತುಂಬಿಕೊಂಡು ಹೊರಟರು. ಬಸ್ಸಿನುದ್ದಕ್ಕೂ ಗೊಣಗಾಟ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ. ನನ್ನ ಏಕಾಂತಕ್ಕೆ ಅಲ್ಲೇ ತಿಲಾಂಜಲಿ ಬಿಟ್ಟೆ. ಆದರೆ ಉಪಾಯವಿಲ್ಲದೆ ಒಂದು ಉಪಾಯ ಹೊಳೆಯಿತು: ಇವರ ಆತ್ಮವನ್ನೂ ಹೊಸದು ಮಾಡಿಬಿಟ್ಟರಾಯಿತು!

ಕೆರೆ ದೊಡ್ಡದಾಗಿ, ಸುಮ್ಮನೆ ಮಲಗಿತ್ತು. ದಂಡೆಯಲ್ಲೊಂದು ಬೇವಿನ ಮರ. ನಾನು ಶುರುಮಾಡಿದೆ. "ಅತ್ತಿ, ಮೊದಲ ಉಸರು ಒಳಗ ತಗೋರಿ. ಈಗ ಬಿಡ್ರಿ. ಮನಸಿನ್ಯಾಗ ಏನೂ ಇಟಗೋಬ್ಯಾಡ್ರಿ. ಮೌನ ಅಂದ್ರ ಬರೇ ಬಾಯಿ ಮುಚ್ಚೂದಲ್ಲ, ಸ್ವಾಮಿಗೋಳು ಏನಂದ್ರಂದ್ರ..."

ಹಿಂದಿರುಗಿ ನೋಡಿದರೆ ಅತ್ತೆ ಇಲ್ಲ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ನೀರಲ್ಲಿ ಕಾಲಿಟ್ಟು ನಿಂತಿದ್ದರು. ದೂರದಿಂದ ಕಾವಲುಗಾರ ಕೂಗಿದ: "ಅಮ್ಮಾ, ಪಾನೀ ಮೇ ನಕ್ಕೋ! ನಕ್ಕೋ!" (ನೀರಿಗೆ ಇಳಿಯಬೇಡಿ ಎಂಬುದು ಅವನ ದಖ್ಖನಿ ಉರ್ದು.)

"ನಕ್ಕೋ ಅಂತ ಹೇಳಾಕತ್ತಾನಲ್ಲ, ನಗೂಣಂತ!" ಎಂದು ಅತ್ತೆ ನಕ್ಕೇಬಿಟ್ಟರು. ಮೈ ಕುಲುಕುವ ಹಾಗೆ. ಹನ್ನೊಂದು ವರ್ಷಗಳಲ್ಲಿ ಅವರಿಗೆ ಅಷ್ಟು ಹಲ್ಲುಗಳಿವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕಾವಲುಗಾರ ಪೆಚ್ಚಾಗಿ, ತಾನೂ ನಕ್ಕು ಹೊರಟುಹೋದ.

ಆಮೇಲೆ ಅವರು ದಂಡೆಯ ಕಲ್ಲಿನ ಮೇಲೆ ಕೂತರು. ನೀರು ನೋಡುತ್ತಲೇ ಹೇಳಿದರು: "ನಮ್ಮ ತವರಮನಿ ಹಿಂದ ಭೀಮಾ ಹೊಳಿ. ಕೊಡಾ ತುಂಬಾಕ ಹೋದ್ರ ಹೊತ್ತು ಮುಣುಗೂ ಮಟ ಬರತಿರಲಿಲ್ಲ. ನಮ್ಮವ್ವ ಬೈಕೋಂತ ಬರತಿದ್ಲು. ಹದಿನಾಕಕ್ಕ ಲಗ್ನ ಆತು, ಈ ಊರಿಗೆ ಬಂದ್ನಿ. ಆಮ್ಯಾಲ ನೀರಂದ್ರ ಬರೇ ನಳದ್ದು."

ನಾನೂ ಅವರ ಪಕ್ಕದಲ್ಲಿ ಕೂತೆ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ನನ್ನೊಳಗಿನ ಪ್ರವಚನಕಾರ್ತಿ ಬಿಡಬೇಕಲ್ಲ! "ಹಾಂ ಅತ್ತಿ, ಇದಕ್ಕ ನಿಸರ್ಗದಾಗ ಲೀನ ಆಗೂದು ಅಂತಾರ. ನೀವು ಲೀನ ಆಗಾಕತ್ತೀರಿ. ಈಗ ಕಣ್ಣು ಮುಚ್ಚ್ರಿ..." ಅವರು ಕಣ್ಣು ಮುಚ್ಚಲಿಲ್ಲ, ಕೆರೆಯನ್ನೇ ನೋಡುತ್ತ ಕೂತರು. ನೀರಿನ ಮೇಲೆ ಒಂದು ಬಿಳಿ ಕೊಕ್ಕರೆ ಹಾರಿಹೋಯಿತಂತೆ. ನಾನು ನೋಡಲಿಲ್ಲ. ವಾಪಸು ಹೋಗುವ ಬಸ್ಸಿನ ವೇಳೆ ವಿವರಿಸುತ್ತಿದ್ದೆ.

ಮನೆಗೆ ಬಂದೊಡನೆ ಯಜಮಾನರು ಕೇಳಿದರು: "ಹೆಂಗಿತ್ತಬೇ ಯವ್ವ?"

"ಬರೂ ರವಿವಾರ ಮತ್ತ ಹೋಗತೀನಿ."

ನಾನು ಕುಣಿದಾಡುವುದೊಂದು ಬಾಕಿ. "ಹೋಗೂಣ್ರಿ ಅತ್ತಿ! ನಸುಕಿನ್ಯಾಗ ಎದ್ದು ಬುತ್ತಿ ಕಟ್ಟತೀನಿ, ಇಬ್ಬರೂ..."

"ನೀ ಬ್ಯಾಡ," ಎಂದರು ಅತ್ತೆ, ಬಹಳ ಮೆತ್ತಗೆ. "ನೀ ಭಾಳ ಮಾತಾಡತಿ. ಬಾಜೂಮನಿ ಗಂಗೂಬಾಯಿನ್ನ ಕರಕೊಂಡು ಹೋಗತೀನಿ. ರವಿವಾರ ಆಕಿದು ಮೌನವ್ರತ."

ಅಂದಿನಿಂದ ಪ್ರತಿ ಭಾನುವಾರ ಬುತ್ತಿ ಕಟ್ಟುವುದು ನಾನು, ಕೆರೆಗೆ ಹೋಗುವುದು ಅವರು. ಸಂಜೆ ಅತ್ತೆ ಬಂದಾಗ ಸೀರೆಯ ಅಂಚು ಒದ್ದೆ, ಮುಖದಲ್ಲಿ ಹೊಳಪು. "ಇವತ್ತ ಏನೇನ್ ನೋಡಿದ್ರಿ ಅತ್ತಿ?" ಎಂದು ಆಸೆಯಿಂದ ಕೇಳುತ್ತೇನೆ.

"ಏನಿಲ್ಲ," ಅನ್ನುತ್ತಾರೆ. ಹೋಳಿಗೆ ಊಟ ಮುಗಿಸಿ ಎದ್ದವರು ಹೇಳುವ ಹಾಗೆ.

ಹೋದ ವಾರ ತಡೆಯಲಾಗಲಿಲ್ಲ. ಆ ಸೀರೆಯನ್ನು ಹಿತ್ತಲ ಹಗ್ಗಕ್ಕೆ ಹಾಕುವ ನೆಪದಲ್ಲಿ ಒದ್ದೆ ಅಂಚನ್ನು ಮೂಗಿಗೆ ಹಿಡಿದೆ. ಕೆಸರು, ಪಾಚಿ, ಗಾಳಿ, ಇಡೀ ಕೆರೆಯೇ ಅಲ್ಲಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ನನಗೇ ತಿಳಿಯದು.

ಯಜಮಾನರು ಗಾಬರಿಯಿಂದ ಓಡಿಬಂದು ನನ್ನ ಹಣೆ ಮುಟ್ಟಿ ನೋಡಿದರು. "ಏನಾತ? ಹತ್ತು ಮಿನಿಟ್ ಆತು, ಒಂದ್ ಮಾತಿಲ್ಲ! ಡಾಕ್ಟರನ್ನ ಕರೀಲೇನ?"