ಒಡ್ಡಿನ ಮೇಲಿನ ಕುಣಿತ

ತಪ್ಪೆಲ್ಲ ಒಂದು ಹಿಡಿ ಸುಣ್ಣದ ಪುಡಿಯದು.

ನದಿ ಉಕ್ಕಿದರೆ ನೀರು ಊರೊಳಗೆ ನುಗ್ಗದಿರಲಿ ಎಂದು ಕಟ್ಟಿದ ಮಣ್ಣಿನ ಒಡ್ಡು ಅದು. ಎಲ್ಲೆಲ್ಲಿ ಕೊರೆಯಬೇಕೆಂದು ಮರೆಯಬಾರದಲ್ಲ, ಅದಕ್ಕೆ ಮಣ್ಣಣ್ಣ ಬೆಳಿಗ್ಗೆಯೇ ಐದು ಕಡೆ ಸುಣ್ಣದಲ್ಲಿ ಗುರುತು ಹಾಕಿದ್ದ. ಮಣ್ಣಣ್ಣ ಅವನ ಹೆಸರಲ್ಲ. ಯಾವ ಮಣ್ಣು ಕಂಡರೂ ಹಿಸುಕಿ ಮೂಸಿ ನೋಡುವ ಇಂಜಿನಿಯರಿಗೆ ಆಫೀಸಿನವರು ಕೊಟ್ಟ ಬಿರುದು. ಒಡ್ಡಿನ ಆಳದಿಂದ ಮಣ್ಣು ತೆಗೆದು, ಭೂಕಂಪವಾದರೆ ಅದು ನಿಲ್ಲುತ್ತದೋ ಇಲ್ಲವೋ ಹೇಳುವುದು ಅವನ ಕೆಲಸ. ಅಡಿಯಲ್ಲಿ ಹಸಿ ಮರಳಿದ್ದರೆ ಮುಗಿಯಿತು. ಒಂದು ಸಲ ಜೋರಾಗಿ ಅಲುಗಿದರೆ ಸಾಕು, ಒಡ್ಡು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಕುಸಿದು ಕೂರುತ್ತದೆ. ಮರಳೇ ಇದೆ ಎಂದು ಅವನ ಮೂಗು ಆಗಲೇ ಹೇಳಿತ್ತು. ಆದರೆ ಮೂಗಿನ ಮಾತಿಗೆ ಇಲಾಖೆ ಸೊಪ್ಪು ಹಾಕುವುದಿಲ್ಲ.

ಕೊರೆಯುವ ಯಂತ್ರ ಲಾರಿ ಮೇಲೆ ಬಂದು ನಿಂತಿತ್ತು. ಸಂಜೆ ಐದರೊಳಗೆ ಅನುಮತಿ ಸಿಗದಿದ್ದರೆ ಬೇರೆ ಊರಿಗೆ ಸವಾರಿ. ಮತ್ತೆ ಬರುವುದು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ನದಿ ತುಂಬಿ, ಭೂಮಿಯೂ ಅಲುಗಿದರೆ? ಮಣ್ಣಣ್ಣ ಇಲಾಖೆಗೆ ಓಡಿದ.

"ಏನ್ರೀ, ನೀರು ತಡೆಯೋ ಒಡ್ಡಿಗೇ ತೂತು ಹಾಕ್ತೀನಿ ಅಂತೀರಲ್ಲ," ಎಂದರು ಸಾಹೇಬರು. "ನಾಳೆ ದೋಣಿಗೂ ಹಾಕ್ತೀರಾ?"

"ಸಾರ್, ಕೊರೆದು ಸಿಮೆಂಟ್ ತುಂಬಿ ಮುಚ್ತೀವಿ. ಒಡ್ಡು ತುಂಬಾ ಅಪಾಯದಲ್ಲಿದೆ ಅಂತ ಅನುಮಾನ ಸಾರ್."

"ಹಾಗಾದ್ರೆ ಕೆಳಗೆ ವಾಸ ಇರೋರು ಒಪ್ಪಬೇಕು. ಅವರ ಸಂಘದ ಅಧ್ಯಕ್ಷರ ಸಹಿ ತಗೊಂಡ್ಬನ್ನಿ."

ಅಧ್ಯಕ್ಷರೆಂದರೆ ಮಣ್ಣಣ್ಣನ ಸ್ವಂತ ಅತ್ತೆ.

ಒಡ್ಡಿನ ಕೆಳಗಿನ ಬೀದಿಗೆ ಕಾಲಿಟ್ಟರೆ ಬೀದಿಯೇ ಹೊರಗೆ ನಿಂತಿತ್ತು. ಸುಣ್ಣದ ಗುರುತಿಗೆ ಅಷ್ಟರಲ್ಲಿ ಕೈಕಾಲು ಬಾಲ ಎಲ್ಲ ಮೂಡಿತ್ತು.

"ಆ ಐದು ಕಡೆ ಒಡೆಯತ್ತಂತೆ!" ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು, ಸ್ವತಃ ಒಡೆದು ನೋಡಿ ಬಂದವರಂತೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಅಳಿಯಂದ್ರೇ, ಊರಿಗೆಲ್ಲ ಗೊತ್ತಿರೋ ವಿಷಯ ಹೆಣ್ಣು ಕೊಟ್ಟ ಮನೆಗೆ ಒಂದು ಮಾತು ಹೇಳಬಾರದಿತ್ತಾ?"

"ಒಡೆಯಲ್ಲ ಅತ್ತೆ. ಅಕಸ್ಮಾತ್ ಭೂಕಂಪ ಆದ್ರೆ..."

"ಭೂಕಂಪ ಬೇರೆ ಆಗತ್ತಾ!"

"ಎಷ್ಟು ಗಂಟೆಗೆ?" ಮೇಷ್ಟ್ರು ವಾಚು ನೋಡಿಕೊಂಡರು.

"ಅದನ್ನ ಯಾರ ಕೈಲಿ ಹೇಳಕ್ಕಾಗತ್ತೆ ಮೇಷ್ಟ್ರೇ!" ಎಂದ ಮಣ್ಣಣ್ಣ.

"ಯಾವಾಗ ಬೇಕಾದ್ರೂ ಆಗತ್ತಂತ್ರಪ್ಪೋ!" ಮೇಷ್ಟ್ರು ಬೀದಿಗೆಲ್ಲ ಕೇಳುವಂತೆ ಸಾರಿದರು. ಯಾರೋ ಹಾಸಿಗೆ ಸುತ್ತತೊಡಗಿದರು.

ಮಣ್ಣಣ್ಣ ಗಂಟಲು ಹರಿಯುವಷ್ಟು ವಿವರಿಸಿದ. ಗಂಟೆ ನಾಲ್ಕಾಯಿತು. ಅತ್ತೆ ಪೆನ್ನು ಹಿಡಿದರು, ಕೆಳಗಿಟ್ಟರು, ಮತ್ತೆ ಹಿಡಿದರು.

"ಆಗಲ್ಲಪ್ಪ. ನಿಮ್ಮ ಯಂತ್ರ ಗಡಗಡ ಅಂದ್ರೆ ಇರೋ ಒಡ್ಡೂ ಬಿರುಕು ಬಿಡತ್ತೆ. ಗಟ್ಟಿ ಇದೆ ಅಂತ ಧೈರ್ಯ ಹೇಳಿ, ಹಾಕ್ತೀನಿ."

ಮಣ್ಣಣ್ಣನ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. ದಡದಡನೆ ಒಡ್ಡು ಹತ್ತಿ, ಮೇಲೆ ನಿಂತು ಎರಡೂ ಕಾಲಲ್ಲಿ ಕುಪ್ಪಳಿಸಿದ. ಒಂದು ಚಪ್ಪಲಿ ಹಾರಿ ನದಿಗೆ ಬಿತ್ತು.

"ನೋಡ್ರೀ! ಅಲುಗ್ತಾ? ಬಂಡೆ ಇದು, ಬಂಡೆ! ಭೂಕಂಪ ಅಲ್ಲ, ಅದರಪ್ಪ ಬಂದ್ರೂ ಏನೂ ಆಗಲ್ಲ! ಇಂಜಿನಿಯರ್ ಆಗಿ ಹೇಳ್ತಿದೀನಿ!"

ಬೀದಿ ಚಪ್ಪಾಳೆ ತಟ್ಟಿತು. ಮೇಷ್ಟ್ರು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡರು. ಅತ್ತೆ ಸಹಿ ಹಾಕಿದರು.

ಒಂಟಿ ಚಪ್ಪಲಿಯಲ್ಲಿ ಏದುಸಿರು ಬಿಡುತ್ತ ಇಲಾಖೆಗೆ ಬಂದರೆ ಸಾಹೇಬರು ಮೊಬೈಲು ನೋಡಿ ನಗುತ್ತಿದ್ದರು.

"ಬನ್ನಿ, ನಿಮ್ಮನ್ನೇ ನೋಡ್ತಿದ್ದೆ. ಚೆನ್ನಾಗಿ ಕುಣೀತೀರಿ. ಊರಿಗೆಲ್ಲ ಹೋಗಿದೆ ಈ ವಿಡಿಯೋ."

"ಸಹಿ ತಂದಿದೀನಿ ಸಾರ್..."

"ಯಾಕ್ರೀ ಸಹಿ? ಬಂಡೆ ಅಂತ ನೀವೇ ಹೇಳಿದೀರಿ. ಬಂಡೆಗೆ ಪರೀಕ್ಷೆ ಯಾಕೆ?"

"ಸಾರ್, ಅದು ಅತ್ತೆ ಒಪ್ಪಲಿ ಅಂತ ಸುಮ್ನೆ ಹೇಳಿದ್ದು!"

ಸಾಹೇಬರ ನಗು ನಿಂತಿತು. "ಸುಮ್ನೆ ಅಂದ್ರೆ? ಇಡೀ ಬೀದಿಗೆ ಸುಳ್ಳು ಹೇಳಿದ್ರಾ? ವಿಚಾರಣೆ ಮಾಡಿಸ್ಲಾ?"

ಮಣ್ಣಣ್ಣ ಗಡಿಬಿಡಿಯಲ್ಲಿ ಬೇಡವೆಂದು ತಲೆಯಾಡಿಸಿದ. ಅರ್ಜಿಯ ಮೇಲೆ ಧಡ್ ಎಂದು ಮೊಹರು ಬಿತ್ತು: 'ಅಗತ್ಯವಿಲ್ಲ'.

ಹೊರಗೆ ಯಂತ್ರದ ಲಾರಿ ಅವನ ಮುಂದೆಯೇ ಹಾದುಹೋಯಿತು. ಡ್ರೈವರ್ ಕೈ ಬೀಸಿದ. ಅಷ್ಟರಲ್ಲಿ ಅತ್ತೆಯ ಫೋನು.

"ಅಳಿಯಂದ್ರೇ, ನಿಮ್ಮ ಮಾತು ಕೇಳಿ ಮನಸ್ಸು ಹಗುರ ಆಯ್ತು ನೋಡಿ. ನಮ್ಮ ಹಿತ್ತಲ ಮನೆ ಬಾಡಿಗೆಯವ್ರು ಮಧ್ಯಾಹ್ನನೇ ಹೆದರಿ ಗಂಟುಮೂಟೆ ಕಟ್ಕೊಂಡು ಓಡಿದ್ರು. ಹೋಗ್ಲಿ ಬಿಡಿ, ಒಳ್ಳೇದೇ ಆಯ್ತು. ಮಗಳಿಗೆ ಹೇಳ್ದೆ, ಅವಳು ನಿಮ್ಮನೆ ಸಾಮಾನೆಲ್ಲ ತುಂಬ್ಕೊಂಡು ಬಂದೂ ಆಯ್ತು. ಇನ್ಮೇಲೆ ನೀವೂ ಇಲ್ಲೇ."

"ಇಲ್ಲೇ ಅಂದ್ರೆ... ಒಡ್ಡಿನ ಕೆಳಗಾ ಅತ್ತೆ?"

"ಕೆಳಗೇನು, ಒಡ್ಡಿಗೆ ಒರಗಿಕೊಂಡಿರೋ ರೂಮೇ ನಿಮಗೆ. ಬೇಸಿಗೆಯಲ್ಲೂ ತಣ್ಣಗಿರತ್ತೆ. ಆ ಕಡೆ ಗೋಡೆ ಮಾತ್ರ ಯಾವಾಗ್ಲೂ ಒಂಚೂರು ಒದ್ದೆ, ಅಷ್ಟೇ."