ತವರದ ಕಡ್ಡಿ ಮತ್ತು ನನ್ನ ಇಂಗ್ಲಿಷು

ದುಭಾಷಿಯ ಕೆಲಸ ಬಲು ಅಪಾಯದ್ದು. ಇಬ್ಬರ ಮಾತನ್ನು ಒಬ್ಬನೇ ಹೊರಬೇಕು. ಹೊರುವಾಗ ದಾರಿಯಲ್ಲಿ ಒಂದಿಷ್ಟು ತಾನಾಗಿ ಚೆಲ್ಲುತ್ತದೆ, ಒಂದಿಷ್ಟನ್ನು ಹೊತ್ತವನೇ ಚೆಲ್ಲುತ್ತಾನೆ. ಮೊದಲನೆಯದಕ್ಕೆ ಅಜ್ಞಾನ ಎಂದೂ ಎರಡನೆಯದಕ್ಕೆ ವಿವೇಕ ಎಂದೂ ಹೆಸರು. ಹುಮನಾಬಾದಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನ್ನಲ್ಲಿ ಇವೆರಡೂ ಹೇರಳವಾಗಿವೆ. ನಾನು ಕಲಿಸಿದ್ದು ವ್ಯಾಕರಣ. ಆ ಭಾಷೆಯಲ್ಲಿ ಜೀವಂತ ಮನುಷ್ಯರೊಡನೆ ಮಾತಾಡುವುದು ನಮ್ಮ ಪಠ್ಯಕ್ರಮದಲ್ಲಿ ಇರಲಿಲ್ಲ.

ಈ ಸತ್ಯ ಮಲೇಷ್ಯಾದವರೆಗೂ ಗುಟ್ಟಾಗಿಯೇ ಉಳಿದಿತ್ತು. ಬಸವಕಲ್ಯಾಣದ ಒಬ್ಬ ಪ್ರವಾಸ ಏಜೆಂಟ ನಮ್ಮ ಕಡೆಯ ಹನ್ನೆರಡು ಮಂದಿಯನ್ನು ಒಟ್ಟುಗೂಡಿಸಿ ಕರೆದೊಯ್ದಿದ್ದ. ನಾನು, ನನ್ನ ಹೆಂಡತಿ ಶಾಂತಾ, ಕಲ್ಯಾಣದ ನಾಲ್ಕು ಜೋಡಿ, ಮಾಣಿಕನಗರದ ಒಬ್ಬ ಬಟ್ಟೆ ವ್ಯಾಪಾರಿ. ಹನ್ನೆರಡನೆಯವನು ಹುಮನಾಬಾದಿನಲ್ಲಿ ಸ್ಟೀಲು ಪಾತ್ರೆ ಅಂಗಡಿ ಇಟ್ಟಿರುವ ಮಹಬೂಬ ಸಾಬ. ಅವನನ್ನು ವಿಮಾನದಲ್ಲಿ ಕಂಡಾಗ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಊರಿನಲ್ಲಾದರೆ ಅವನ ಅಂಗಡಿ ಬರುವ ಮೊದಲೇ ನಾನು ರಸ್ತೆ ದಾಟಿಬಿಡುತ್ತೇನೆ. ವಿಮಾನದಲ್ಲಿ ಆ ಅನುಕೂಲ ಇರುವುದಿಲ್ಲ.

ರಸ್ತೆ ದಾಟುವ ಕಾರಣವನ್ನು ಇಲ್ಲೇ ಹೇಳಿಬಿಡುವುದು ಕ್ಷೇಮ, ಮುಂದೆ ಧೈರ್ಯ ಇರುತ್ತದೋ ಇಲ್ಲವೋ. ಮಹಬೂಬನ ತಂದೆ ನಮ್ಮ ಓಣಿಗೆ ಕಲಾಯಿ ಹಾಕಲು ಬರುತ್ತಿದ್ದ ಹಸನ್ ಸಾಬ. ಬೇವಿನ ಗಿಡದ ಕೆಳಗೆ ಸಣ್ಣ ಕುಣಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತ ಕೂತನೆಂದರೆ ಓಣಿಯ ಹಿತ್ತಾಳೆ ಪಾತ್ರೆಗಳೆಲ್ಲ ಅವನ ಮುಂದೆ ಸಾಲುಗಟ್ಟುತ್ತಿದ್ದವು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳದಿಂಗಳು. ನಾನು ಆಗಷ್ಟೇ ನೌಕರಿಗೆ ಸೇರಿದ ಹೊಸ ಮಾಸ್ತರ. ಅವ್ವ ಮಾಣಿಕನಗರಕ್ಕೆ ದರ್ಶನಕ್ಕೆ ಹೋಗಿದ್ದಳು, ಶಾಂತಾ ತವರಿನಲ್ಲಿದ್ದಳು. ಹಿಂದಿನ ದಿನವಷ್ಟೇ ಕಲಾಯಿ ಕಂಡಿದ್ದ ಬೋಗುಣಿಯನ್ನು ಚಹಾಕ್ಕೆಂದು ಒಲೆಯ ಮೇಲಿಟ್ಟೆ, ನೀರು ಹಾಕುವ ಮುನ್ನ ಪತ್ರಿಕೆ ಬಂತು. ಸಂಪಾದಕೀಯ ಮುಗಿಯುವ ಹೊತ್ತಿಗೆ ಬರಿಯ ಬೋಗುಣಿ ಕಾದು ಕಲಾಯಿ ಕರಗಿ ಕರ್ರಗಾಗಿತ್ತು. ಅವ್ವ ಬಂದು, ಇದೇನೋ ಎಂದು ಕೇಳಿದಳು. ಹಸನ್ ಸಾಬ ತವರದಲ್ಲಿ ಸೀಸ ಬೆರೆಸಿದ್ದಾನೆ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮನೆಯ ಸುಳ್ಳು ಮನೆಯಲ್ಲೇ ಇರುತ್ತಿತ್ತು. ಮರುವಾರ ಅವನು ಬಂದಾಗ ಓಣಿಯ ಹತ್ತು ಮಂದಿಯ ಮುಂದೆ, ಆರೋಗ್ಯಶಾಸ್ತ್ರವನ್ನು ಉದಾಹರಿಸಿ, ಅವನಿಗೆ ಸೀಸದ ದುಷ್ಪರಿಣಾಮಗಳ ಕುರಿತು ಒಂದು ಪಾಠವನ್ನೇ ಮಾಡಿದೆ. ಆತ ಬೋಗುಣಿಯನ್ನು ತಿರುವಿ ನೋಡಿದ, ನನ್ನ ಮುಖ ನೋಡಿದ, ತಿದಿ ಮಡಚಿಕೊಂಡು ಹೋದ. ಮತ್ತೆ ನಮ್ಮ ಓಣಿಗೆ ಬರಲಿಲ್ಲ. ನಮ್ಮನ್ನು ನೋಡಿ ಪಕ್ಕದ ಓಣಿಯವರೂ ಅವನಿಗೆ ಪಾತ್ರೆ ಕೊಡುವುದನ್ನು ಬಿಟ್ಟರು. ವಿದ್ಯಾವಂತನ ಮಾತಿಗೆ ನಮ್ಮ ಕಡೆ ಅಷ್ಟು ಬೆಲೆ.

ಇರಲಿ, ಮಲೇಷ್ಯಾಕ್ಕೆ ಬರೋಣ. ಇಪೋ ಎಂಬ ಊರಿನಲ್ಲಿ ಜಡಿಮಳೆ ಹಿಡಿದು, ನೋಡಬೇಕಿದ್ದ ಗುಡ್ಡ ಕಾಣಿಸದಂತಾಗಿ, ಏಜೆಂಟ ನಮ್ಮನ್ನು ಹತ್ತಿರದ ಒಂದು ವಸ್ತುಸಂಗ್ರಹಾಲಯಕ್ಕೆ ನುಗ್ಗಿಸಿ ತಾನು ಊಟದ ವ್ಯವಸ್ಥೆಗೆ ಹೋದ. ಹಿಂದಿನ ಕಾಲದಲ್ಲಿ ಚೀನಾದಿಂದ ಬಂದು ಅಲ್ಲಿಯ ತವರದ ಗಣಿಗಳಲ್ಲಿ ದುಡಿದ ಹಕ್ಕಾ ಜನರ ನೆನಪಿನ ಮನೆ ಅದು. ವಿವರಿಸಲು ಬಂದವಳು ಬೆಳ್ಳಿಕೂದಲಿನ ಒಬ್ಬ ಚೀನೀ ಅಜ್ಜಿ. ಅವಳ ಇಂಗ್ಲಿಷು ಕುದುರೆ ಓಡಿದಂತೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡು ದುಭಾಷಿಯ ಪೀಠವನ್ನು ಅಲಂಕರಿಸಿದೆ.

ಹಕ್ಕಾ ಎಂದರೆ ಅತಿಥಿಗಳು ಎಂದಳು. ಅದು ತಿಳಿಯಿತು, ಹೇಳಿದೆ. ಅವಳ ಅಜ್ಜಿ ಸೊಂಟಮಟ್ಟ ನೀರಿನಲ್ಲಿ ನಿಂತು ಅಗಲ ಮರದ ತಟ್ಟೆಯಲ್ಲಿ ಮರಳು ತೊಳೆದು ಅದಿರು ಹೆಕ್ಕುತ್ತಿದ್ದಳಂತೆ. ಅದನ್ನೂ ಹೇಳಿದೆ. ತಿಳಿಯದೆ ಹೋದಲ್ಲಿ ‘ಬಹಳ ಕಷ್ಟಪಟ್ಟರು’ ಎಂದು ಸೇರಿಸಿದೆ. ಗಣಿಗಾರರ ವಿಷಯದಲ್ಲಿ ಅದು ತಪ್ಪಾಗುವ ಸಂಭವ ಕಡಿಮೆ. ಅಫೀಮು ಸೇದುವ ಕೋಣೆಯ ಮುಂದೆ ಹೆಣ್ಣುಮಕ್ಕಳಿದ್ದಾರೆಂದು ‘ವಿಶ್ರಾಂತಿ ಕೋಣೆ’ ಎಂದೆ. ಜೂಜಿನ ಕೋಣೆ ಬಂದಾಗ ‘ಇದೂ ವಿಶ್ರಾಂತಿ ಕೋಣೆಯೇ’ ಎಂದೆ. ಇಷ್ಟು ವಿಶ್ರಾಂತಿ ತಗೊಂಡವರು ಗಣಿ ಯಾವಾಗ ಅಗೆದರು ಎಂದು ಶಾಂತಾ ಕೇಳಿದಳು. ನಾನು ಅದನ್ನು ಅನುವಾದಿಸಲಿಲ್ಲ.

ಕೊನೆಯ ಕೋಣೆಯಲ್ಲಿ ಅಜ್ಜಿ ಬೆರಳು ದಪ್ಪದ ಒಂದು ತವರದ ಕಡ್ಡಿಯನ್ನು ಎತ್ತಿ ಹಿಡಿದಳು. ಅದುವರೆಗೂ ಹಿಂದೆ ನಿಂತಿದ್ದ ಮಹಬೂಬ ಸಾಬ ಮುಂದೆ ಬಂದ.

“ಸರ್, ಆ ಕಡ್ಡಿ ಜರಾ ಕೈಯಾಗ ಕೊಡ್ತಾರೇನ್ ಕೇಳ್ರಿ.”

ಅಜ್ಜಿ ಕೊಟ್ಟಳು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿದ. ಅಜ್ಜಿಯ ಕಣ್ಣು ಅರಳಿತು, ಅವಳ ಮನೆಯ ಗಂಡಸರೂ ಹಾಗೇ ಮಾಡುತ್ತಿದ್ದರಂತೆ. ಮಹಬೂಬ ಕಡ್ಡಿಯನ್ನು ನನ್ನ ಕಿವಿಗೆ ಹಿಡಿದ. ಒಳಗಿನಿಂದ ಚಿರಚಿರ ಎಂಬ ಸಣ್ಣ ಸದ್ದು.

“ಅಳಾಕತ್ತದ, ಕೇಳ್ರಿ. ಸಚ್ಚಾ ತವರ ಆದ್ರ ಹಿಂಗ ಅಳ್ತದ. ಸೀಸ ಬೆರೆಸಿದ್ರ ಗಪ್ ಕುಂದರ್ತದ. ನಮ್ಮ ಅಬ್ಬಾ ಒಂದೊಂದ ಕಡ್ಡಿ ಕಿವಿಗೆ ಹಚ್ಚಿ ಕೇಳಿ ತರ್ತಿದ್ದ. ಅಂಥವನಿಗೆ ಒಬ್ಬ ಮಾಸ್ತರ ಸೀಸ ಹಾಕ್ತಿ ಅಂದ, ಓಣಿ ಮಂದಿ ಮುಂದ. ಇದನ್ನೂ ಅಜ್ಜಿಗೆ ಹೇಳ್ರಿ.”

ನಾನು ಇಂಗ್ಲಿಷಿನಲ್ಲಿ, ಇವರ ತಂದೆ ಗುಣಮಟ್ಟದ ವಿಷಯದಲ್ಲಿ ಬಹಳ ಎಚ್ಚರದವರು, ಎಂದೆ.

ಮಹಬೂಬನಿಗೆ ಇಂಗ್ಲಿಷು ಬಾರದು. ಆದರೆ ಆಯುಷ್ಯವೆಲ್ಲ ತಕ್ಕಡಿ ಹಿಡಿದವನು. “ಸರ್, ನಾ ಕೊಟ್ಟಿದ್ದು ಭಾಳ ಇತ್ತು, ನೀವು ದಾಟಿಸಿದ್ದು ಕಮ್ಮಿ ಆತು” ಎಂದ. “ಮಾಸ್ತರ ಅಂಬೋ ಮಾತ ಬರಲೇ ಇಲ್ಲ.”

ಶಾಂತಾ ಮುಗ್ಧವಾಗಿ ಕೇಳಿದಳು, “ಯಾರ್ರೀ ಆ ಮಾಸ್ತರ?” ಪಾಪ, ಯಾವ ಪಾತ್ರೆ ಕಪ್ಪಾದರೂ ‘ಆ ಸೀಸದವನ ಕೆಲಸಾನ ಹಿಂಗಿತ್ತು’ ಎನ್ನುತ್ತ ಬಂದವಳು ಅವಳು. ಮನೆಯಲ್ಲಿ ನಾನು ಹೇಳಿದ್ದನ್ನೇ ನಂಬಿದ್ದಳು; ಓಣಿಯಲ್ಲಿ ನಾನು ಪಾಠ ಮಾಡಿದ ದಿನ ಅವಳಿನ್ನೂ ತವರಿನಲ್ಲಿದ್ದಳು.

ಹನ್ನೊಂದು ಮಂದಿ, ಒಬ್ಬಳು ಅಜ್ಜಿ, ಕೋಣೆಯಲ್ಲಿ ನಿಲ್ಲಿಸಿದ್ದ ಹತ್ತಿಪ್ಪತ್ತು ಮೇಣದ ಗಣಿಗಾರ ಬೊಂಬೆಗಳು, ಎಲ್ಲರೂ ನನ್ನನ್ನೇ ನೋಡುತ್ತಿದ್ದಂತೆ ಅನಿಸಿತು. “ನಾನ” ಎಂದೆ. “ಆ ಮಾಸ್ತರ ನಾನ. ಸೀಸ ಇರಲಿಲ್ಲ. ಬರೇ ಬೋಗುಣಿ ಒಲಿ ಮ್ಯಾಲ ಇಟ್ಟು ಮರ್ತಿದ್ದೆ.”

ಮಹಬೂಬ ಕಡ್ಡಿಯನ್ನು ನೆಟ್ಟಗೆ ಮಾಡುತ್ತಿದ್ದ. ತಲೆ ಎತ್ತಲಿಲ್ಲ.

“ಗೊತ್ತದ್ರಿ ಸರ್. ಅಬ್ಬಾ ಬೋಗುಣಿ ತಿರುವಿ ನೋಡಿದಾಗೇ ತಿಳ್ಕೊಂಡಿದ್ದ. ಹೊಸಾ ಮಾಸ್ತರ ಅದಾನ, ಬರೇ ಬೋಗುಣಿ ಸುಟ್ಟಾನ ಅಂತ ಓಣಿಯಾಗ ಅಂದ್ರ ಹುಡುಗರು ನಗ್ತಾವ, ಸಾಲಿಯಾಗ ಹ್ಯಾಂಗ ನಿಂದರ್ತಾನ, ಅಂದ. ಸುಮ್ಮ ಬಂದ.”

ಆ ಹಸನ್ ಸಾಬ ಈಗಿಲ್ಲ. ನಾನು ಮೂವತ್ತು ವರ್ಷ ನೆಟ್ಟಗೆ ನಿಂತು ಪಾಠ ಮಾಡಿದ್ದು ಯಾರ ದಯೆಯಿಂದ ಎಂಬುದು ಪರದೇಶದಲ್ಲಿ, ಒದ್ದೆ ಚಪ್ಪಲಿಯಲ್ಲಿ ನಿಂತಾಗ ತಿಳಿಯಿತು. ಅಜ್ಜಿ ಅನುವಾದಕ್ಕಾಗಿ ಕಾಯುತ್ತಿದ್ದಳು. ಹೇಳಿದೆ. ಕಾಲ, ವಚನ, ವಿಭಕ್ತಿ ಎಲ್ಲವೂ ಕೈಕೊಟ್ಟವು. ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ನಾನೇ ನಪಾಸು ಮಾಡುತ್ತಿದ್ದೆ. ಅಜ್ಜಿಗೆ ಮಾತ್ರ ಪೂರ್ತಿ ತಿಳಿಯಿತು. ಆಮೇಲೆ ನೀವು ಹೋಗಿ ಕ್ಷಮೆ ಕೇಳಿದಿರಾ ಎಂದಳು. ಅದನ್ನು ಕನ್ನಡಕ್ಕೆ ತರುವ ಅಗತ್ಯ ಬೀಳಲಿಲ್ಲ, ನನ್ನ ಮುಖವೇ ತಂದಿತು. ನಾನು ಮಹಬೂಬನ ಎರಡೂ ಕೈ ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲಿಲ್ಲ. “ಆತ್ ಬಿಡ್ರಿ” ಎಂದೂ ಅನ್ನಲಿಲ್ಲ.

ಹೊರಡುವಾಗ ಅಭಿಪ್ರಾಯದ ಪುಸ್ತಕ ಮುಂದಿಟ್ಟರು. ಇಂಥ ಪುಸ್ತಕ ಕಂಡರೆ ಒಂದು ಪುಟ ತುಂಬುವುದು ನನ್ನ ರೂಢಿ. ಅಂದು ಪೆನ್ನನ್ನು ಮಹಬೂಬನ ಕೈಗೆ ಕೊಟ್ಟೆ. ಅವನು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದ: ‘ಅಬ್ಬಾ ಸಚ್ಚಾ ತವರ ಹಾಕ್ತಿದ್ದ.’ ಅಜ್ಜಿ ಅರ್ಥ ಕೇಳಿದಳು. ನಮ್ಮ ಮಂದಿ ಬೇರೆ ಯಾರಾದರೂ ಸಿಗುವರೇ ಎಂದು ಸುತ್ತಲೂ ನೋಡಿ, ಸಿಗದೆ, ಮನಸ್ಸಿಲ್ಲದೆ ನನ್ನತ್ತ ತಿರುಗಿದರು. ಶಾಂತಾ ಬಲಗೈ ಮುಂದೆ ಚಾಚಿ ಬೆರಳು ಬಿಡಿಸಿದಳು.

“ನಾಕ ಮಾತ ಅದಾವ. ನಾಕೂ ದಾಟಬೇಕು. ನಾ ಎಣಿಸ್ತೀನಿ, ಹೇಳ್ರಿ.”

ಹೇಳಿದೆ. ಇಂಗ್ಲಿಷಿಗೆ ನಾಲ್ಕು ಸಾಲದೆ ಆರು ಹಿಡಿದವು. ಆ ಹೆಚ್ಚಿನ ಎರಡರಲ್ಲಿ ನಾನು ಏನು ಸೇರಿಸಿದೆ ಎಂದು ಊರಿಗೆ ಬಂದ ಮೇಲೂ ಶಾಂತಾ ವಿಚಾರಣೆ ನಡೆಸಿದ್ದಾಳೆ.