ಗ್ರೀಸಿಗೆ ಹೊರಟ ನಮ್ಮ ತರಗತಿ

ನೈರೋಬಿಯ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಪ್ರಾಚೀನ ಗ್ರೀಕ್ ತತ್ವಶಾಸ್ತ್ರ ಕಲಿಸುತ್ತಿದ್ದೇನೆ. ಮೈಸೂರಿನವಳು ಆಫ್ರಿಕಾದಲ್ಲಿ ಕೂತು ಗ್ರೀಸಿನ ಪಾಠ ಹೇಳುವುದೇ ಅರ್ಧ ತಮಾಷೆ. ಉಳಿದರ್ಧವನ್ನು ಸುತ್ತಲಿನವರು ಪೂರೈಸುತ್ತಾರೆ. ಪ್ರತಿ ವರ್ಷ ಆಗಸ್ಟಿನಲ್ಲಿ ಹತ್ತು ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಮೂರು ವಾರ ಗ್ರೀಸಿಗೆ ಹೋಗುತ್ತೇನೆ. ಪಾಠವೆಲ್ಲ ಅಲ್ಲಿನ ಹಳೆಯ ಕಲ್ಲುಗಳ ನಡುವೆಯೇ. ಪಾಠ ಚೆನ್ನಾಗಿಯೇ ಮಾಡುತ್ತೇನೆ, ಅದರಲ್ಲಿ ನನಗೆ ಸಂಶಯವಿಲ್ಲ. ಪಾಠದ ಅಕ್ಕಪಕ್ಕ ನಡೆಯುವುದು ಮಾತ್ರ ನನ್ನ ಕೈಯಲ್ಲಿಲ್ಲ.

ನ್ಯಾಯ ಅಂದರೆ ಏನು

ಹೊರಡುವ ಮೊದಲು ಒಂದು ತಿಂಗಳು ಇಲ್ಲೇ ತಯಾರಿ ತರಗತಿ ಇರುತ್ತದೆ. ಒಂದು ವರ್ಷ ಚರ್ಚೆಗೆ ಕೊಟ್ಟ ವಿಷಯ, ನ್ಯಾಯ ಅಂದರೆ ಏನು ಅಂತ. ತರಗತಿ ಮುಗಿದರೂ ಚರ್ಚೆ ಮುಗಿಯಲಿಲ್ಲ. ಸೌತ್ ಸಿ ಬಡಾವಣೆಯ ಮೂವರು ವಿದ್ಯಾರ್ಥಿಗಳು ನನ್ನ ಜೊತೆಯೇ ಮಟಾಟು ಎಂಬ ಇಲ್ಲಿನ ಮಿನಿಬಸ್ಸು ಹತ್ತಿ, ಸೀಟಿಲ್ಲದೆ ನಿಂತುಕೊಂಡೇ ವಾದ ಮಾಡುತ್ತಿದ್ದರು. ಕಂಡಕ್ಟರ್ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಕೊನೆಗೆ ತಡೆಯಲಾರದೆ ನನ್ನ ಕಡೆ ತಿರುಗಿ, "ಟೀಚರ್, ಇದಕ್ಕೆ ಒಂದು ತಿಂಗಳು ಬೇಕಾ? ಕೂತವರು ಇಳಿದಾಗ, ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವರಿಗೆ ಆ ಸೀಟು ಸಿಗಬೇಕು. ನ್ಯಾಯ ಅಂದರೆ ಅಷ್ಟೇ" ಅಂದ.

ನನ್ನ ವಿದ್ಯಾರ್ಥಿಗಳು ಬೆರಗಾದರು. ಒಬ್ಬಳು ಅದನ್ನು ಬರೆದುಕೊಂಡಳು ಕೂಡ.

ಮುಂದಿನ ಸ್ಟಾಪಿನಲ್ಲಿ ಒಬ್ಬರು ಇಳಿದರು. ಕಂಡಕ್ಟರ್ ಹೋಗಿ ಆ ಸೀಟಿನಲ್ಲಿ ಕೂತ. ನಾವು ನಾಲ್ವರೂ ಅವನನ್ನೇ ನೋಡಿದೆವು.

"ನಾನು ಬೆಳಿಗ್ಗೆ ಐದು ಗಂಟೆಯಿಂದ ನಿಂತಿದ್ದೇನೆ" ಅಂದ.

ಹೋದವನು, ಬಂದವನು

ಇನ್ನೊಂದು ವರ್ಷ ವೀಸಾ ಸಂದರ್ಶನ. ಎಲ್ಲರದೂ ಸಲೀಸಾಗಿ ಮುಗಿದು ಕೊನೆಗೆ ಉಳಿದವನು ನನ್ನ ಅತ್ಯಂತ ಬುದ್ಧಿವಂತ ವಿದ್ಯಾರ್ಥಿ. ಅವನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಅದೇ ತಪ್ಪಾಯಿತು. ಹಿಂದಿನ ವಾರವಷ್ಟೇ, ಹರಿಯುವ ನದಿಯ ಹಾಗೆ ಎಲ್ಲವೂ ಬದಲಾಗುತ್ತಲೇ ಇರುತ್ತದೆ ಎಂದ ಗ್ರೀಕ್ ತತ್ವಜ್ಞಾನಿಯ ಪಾಠ ಮಾಡಿದ್ದೆ. ಅದು ಇವನ ತಲೆಯೊಳಗೆ ಇಳಿದುಬಿಟ್ಟಿತ್ತು.

ಅಧಿಕಾರಿ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರಂತೆ: "ಕೋರ್ಸ್ ಮುಗಿದ ಮೇಲೆ ವಾಪಸ್ ಬರುತ್ತೀರಾ?"

ಇವನು ಯೋಚಿಸಿ, "ಸರ್, ಯಾರೋ ಒಬ್ಬ ಬರುತ್ತಾನೆ. ಆದರೆ ಹೋದವನೇ ಬರುತ್ತಾನೆ ಅಂತ ಪ್ರಾಮಾಣಿಕವಾಗಿ ಹೇಳಲಾರೆ" ಅಂದನಂತೆ.

ಫೈಲು ಮುಚ್ಚಿತು. ಹೊರಗೆ ಕಾಯುತ್ತಿದ್ದ ನನ್ನನ್ನು ಕರೆಸಿದರು. ಪ್ರಯಾಣಕ್ಕೆ ಎಂಟೇ ದಿನ ಉಳಿದಿತ್ತು. ನಾನು ಧೈರ್ಯ ಬಿಡದೆ, "ಸರ್, ಇದು ಅವನ ತಪ್ಪಲ್ಲ, ನನ್ನ ಪಾಠದ್ದು" ಅಂತ ನದಿಯ ಕಥೆಯೆಲ್ಲ ವಿವರಿಸಿದೆ. ಅಧಿಕಾರಿ ಪೂರ್ತಿ ಕೇಳಿದರು. ಆಮೇಲೆ ಮುಖದಲ್ಲಿ ನಗುವಿನ ಎಳೆಯೂ ಇಲ್ಲದೆ ಹೇಳಿದರು: "ಇವತ್ತು ಬಂದವನಿಗೆ ವೀಸಾ ಕೊಡಲಾರೆ. ನಾಳೆ ಕಳಿಸಿ. ನಾಳೆ ಬರುವವನು ಬೇರೆಯವನಲ್ಲವೇ, ಅವನಿಗೆ ಕೊಡೋಣ."

ದೇವಿ ಎಲ್ಲಿ

ನಮ್ಮ ಅತ್ತೆ ನಿವೃತ್ತ ಶಾಲಾ ಶಿಕ್ಷಕಿ. ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದವರು, "ನೀನು ಪ್ರತಿ ವರ್ಷ ಓಡಿಹೋಗ್ತೀಯಲ್ಲ, ಅಲ್ಲಿ ಅಂಥದ್ದೇನಿದೆ ಅಂತ ನಾನೂ ನೋಡ್ತೀನಿ ಕಣೇ" ಅಂತ ಒಮ್ಮೆ ಹೊರಟೇಬಿಟ್ಟರು.

ಅಥೆನ್ಸಿನ ಗುಡ್ಡ ಹತ್ತಿ ಪಾರ್ಥೆನಾನ್ ದೇವಾಲಯದ ಮುಂದೆ ನಿಂತೆವು. ನಾನು ವಿದ್ಯಾರ್ಥಿಗಳಿಗೆ ಕಂಬಗಳ ಅಳತೆ ವಿವರಿಸುತ್ತಿದ್ದೆ. ಅತ್ತೆ ಆ ಉರಿಬಿಸಿಲಲ್ಲಿ ಚಪ್ಪಲಿ ಬಿಟ್ಟರು. ಕಾವಲುಗಾರ ಓಡಿಬಂದ.

"ಅಮ್ಮ, ಚಪ್ಪಲಿ ಹಾಕಿಕೊಳ್ಳಿ. ಕಲ್ಲು ಸುಡುತ್ತೆ."

"ಇದು ದೇವಸ್ಥಾನ ಅಲ್ಲವೇ?" ಅತ್ತೆ ತಮ್ಮ ಶಾಲೆಯ ಇಂಗ್ಲಿಷಿನಲ್ಲಿ ಕೇಳಿದರು.

"ಹಿಂದೆ ಆಗಿತ್ತು."

"ದೇವಿ ಎಲ್ಲಿ?"

"ಚಿನ್ನದ ಮೂರ್ತಿ ಯಾವ ಕಾಲದಲ್ಲೋ ಹೋಯಿತು. ಗೋಡೆಯ ಮೇಲಿನ ಶಿಲ್ಪಗಳಲ್ಲಿ ಎಷ್ಟೋ ಲಂಡನ್ನಿನಲ್ಲಿವೆ." ಹೇಳುವಾಗ ಅವನ ಮುಖ ಬಾಡಿತು.

ಅತ್ತೆ ಅವನ ಭುಜ ತಟ್ಟಿದರು. "ಬೇಜಾರು ಮಾಡ್ಕೋಬೇಡಪ್ಪ. ನಮ್ಮವೂ ಬೇಕಾದಷ್ಟು ಅಲ್ಲೇ ಇವೆ. ಒಂದಕ್ಕೊಂದು ಜೊತೆಗಿರ್ತವೆ."

ಕಾವಲುಗಾರ ನಕ್ಕು, ನೆರಳಲ್ಲಿದ್ದ ತನ್ನ ಕುರ್ಚಿಯನ್ನೇ ಅವರಿಗೆ ತಂದುಕೊಟ್ಟ. ವಿದ್ಯಾರ್ಥಿಗಳು ನನ್ನ ಕಂಬಗಳನ್ನು ಬಿಟ್ಟು ಅತ್ತೆಯ ಸುತ್ತ ಕೂತರು. "ನೀವು ಪ್ರೊಫೆಸರಾ?" ಅಂತ ಅವನು ಕೇಳಿದ.

"ಅಲ್ಲಪ್ಪ, ಪ್ರೊಫೆಸರ್ ಇವಳು. ನಾನು ಇವಳ ಅತ್ತೆ."

ಅವನು ನನ್ನ ಕಡೆ ಕನಿಕರದಿಂದ ನೋಡಿದ. ಗ್ರೀಸಿನಲ್ಲೂ ಆ ಪದಕ್ಕೆ ಅದೇ ಅರ್ಥ ಅಂತ ಆಗ ತಿಳಿಯಿತು.

ಮೇಲಿನ ಸಾಲಿಗೂ ಕೇಳುವ ಮಾತು

ಒಂದು ಸಲ ನಮ್ಮ ಪ್ರಾಂಶುಪಾಲರೂ ಜೊತೆಗೆ ಬಂದರು. ಕೀನ್ಯಾದ ಹಿರಿಯರು, ಗಂಭೀರ ಮನುಷ್ಯ. "ಎಲ್ಲ ಪುಸ್ತಕದಲ್ಲೇ ಇರುವಾಗ ಅಲ್ಲಿಗೆ ಯಾಕೆ ಹೋಗಬೇಕು?" ಅನ್ನುವುದು ಅವರ ಪ್ರಶ್ನೆ. ಪ್ರವಾಸ ಮುಂದುವರಿಯಬೇಕೋ ನಿಲ್ಲಬೇಕೋ ಎಂಬುದು ಅವರು ಬರೆಯುವ ವರದಿಯ ಮೇಲೆ ನಿಂತಿತ್ತು.

ಎಪಿಡಾರಸ್ ಎಂಬಲ್ಲಿ ಕಲ್ಲಿನ ಬಯಲು ರಂಗಮಂದಿರವಿದೆ. ನಡುವಿನ ಕಲ್ಲಿನ ಮೇಲೆ ನಿಂತು ಕಾಗದ ಹರಿದರೂ ಬೆಟ್ಟದಷ್ಟು ಎತ್ತರದ ಕೊನೆಯ ಸಾಲಿಗೆ ಕೇಳುತ್ತದೆ. ಅದನ್ನು ತೋರಿಸಲು ಎಲ್ಲರನ್ನೂ ಮೇಲಕ್ಕೆ ಕಳಿಸಿ, ನಾನು ಕಾಗದ ಹಿಡಿದು ನಡುವೆ ನಿಂತೆ. ಅಷ್ಟರಲ್ಲಿ ನಮ್ಮ ಯಜಮಾನರ ಫೋನು. ಎಲ್ಲಿ ನಿಂತಿದ್ದೇನೆಂಬುದು ಮರೆತೇಹೋಯಿತು. ಹೇಗೂ ಕನ್ನಡ ತಾನೇ ಅಂತ ಮೆಲ್ಲಗೆ ಶುರುಮಾಡಿದೆ.

"ಪ್ರವಾಸ ಚೆನ್ನಾಗಿದೆ ರೀ, ಈ ಪ್ರಾಂಶುಪಾಲರದ್ದೇ ಒಂದು ಕಾಟ. ಬಸ್ಸು ಹತ್ತಿದರೆ ಗೊರಕೆ, ಇಳಿದರೆ ಹಾಲು ಹಾಕಿದ ಚಹಾ ಎಲ್ಲಿ ಅಂತ ಹುಡುಕಾಟ. ಇವರು ವರದಿ ಬೇರೆ ಬರೀತಾರಂತೆ. ಇರಲಿ, ನಾಲ್ಕು ದಿನ ಹೊಗಳಿ ಅಟ್ಟಕ್ಕೇರಿಸಿ ಬರೆಸ್ಕೋತೀನಿ ಬಿಡಿ."

ತಲೆಯೆತ್ತಿ ನೋಡಿದರೆ, ಕೊನೆಯ ಸಾಲಿನಲ್ಲಿ ನನ್ನ ವಿದ್ಯಾರ್ಥಿನಿ, ನೈರೋಬಿಯ ಹೈರಿಡ್ಜ್ ಬಡಾವಣೆಯ ಕನ್ನಡಿಗ ಡಾಕ್ಟರ್ ದಂಪತಿಯ ಮಗಳು, ಪ್ರಾಂಶುಪಾಲರ ಕಿವಿಯಲ್ಲಿ ಏನೋ ಹೇಳುತ್ತಿದ್ದಾಳೆ, ಅವರು ತಲೆದೂಗುತ್ತಿದ್ದಾರೆ. ಆ ಹುಡುಗಿ ಒಂದು ದಿನವೂ ಕನ್ನಡದಲ್ಲಿ ಬಾಯಿ ಬಿಟ್ಟವಳಲ್ಲ. ಅವಳಿಗೆ ಭಾಷೆಯೇ ಬರುವುದಿಲ್ಲ ಅಂತ ಅವಳ ತಾಯಿ ಸಿಕ್ಕಾಗೆಲ್ಲ ಕೊರಗುತ್ತಿದ್ದರು.

ಪ್ರಾಂಶುಪಾಲರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದರು. "ಇಲ್ಲಿ ಸಣ್ಣ ಮಾತೂ ಮೇಲಿನವರೆಗೆ ಕೇಳುತ್ತದೆ ಅಂತ ಓದಿದ್ದೆ, ನಂಬಿರಲಿಲ್ಲ. ಕೆಲವು ವಿಷಯ ಬಂದೇ ತಿಳಿಯಬೇಕು. ಹಾಗಂತಲೇ ಬರೆಯುತ್ತೇನೆ" ಅಂದರು. ಆಮೇಲೆ ಗಡಿಯಾರ ನೋಡಿಕೊಂಡು, "ಹೊಗಳುವುದು ಎಷ್ಟು ಗಂಟೆಗೆ ಶುರುವಾಗುತ್ತದೆ?" ಅಂತ ಕೇಳಿದರು.

ಪ್ರವಾಸ ಉಳಿಯಿತು. ನೈರೋಬಿಗೆ ಬಂದ ಮೇಲೆ, ಸಂತೋಷಪಡಲಿ ಅಂತ ಆ ಹುಡುಗಿಯ ತಾಯಿಗೆ ಫೋನ್ ಮಾಡಿದೆ. "ನಿಮ್ಮ ಮಗಳಿಗೆ ಕನ್ನಡ ಬರಲ್ಲ ಅನ್ನಬೇಡಿ. ಆಡೋದಿಲ್ಲ ಅಷ್ಟೇ, ಒಂದು ಪದ ಬಿಡದೆ ಅರ್ಥವಾಗುತ್ತೆ" ಅಂದೆ.

"ಅಯ್ಯೋ ಮೇಡಂ," ಅಂದರು ಅವರು, "ಅವಳಿಗೆ ಅರ್ಥವಾಗಬಾರದು ಅಂತ ಹದಿನೈದು ವರ್ಷದಿಂದ ನಾವಿಬ್ಬರೂ ಜಗಳ ಆಡ್ತಿರೋದೇ ಕನ್ನಡದಲ್ಲಿ."